ನಲವತ್ತಮೂರು ಪಾದದ ಮನೆ

ಅಕ್ಕಿಹೆಬ್ಬಾಳಿನ ನಮ್ಮ ಮನೆಯಲ್ಲಿ ತಲೆಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲಿಗೆ ನಲವತ್ತಮೂರು ಪಾದ. ತಾತ ಮರಗೆಲಸದ ಆಚಾರಿ. ಅವನ ಗಜಕೋಲಿನಲ್ಲಿ ಅದಕ್ಕೆ ಬೇರೆಯೇ ಅಳತೆಯಿತ್ತು. ಅವ್ವನ ಪಾಲಿಗೆ ಅದು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಓಡಿ ಮುಟ್ಟಬಹುದಾದ ದೂರ. ನಲವತ್ತಮೂರು ಎಂಬುದು ಅಪ್ಪನ ಕಾಲಿನ ಲೆಕ್ಕ. ಅಪ್ಪ ನಡೆಯುವಾಗ ಹಿಂದಿನ ಕಾಲಿನ ಹೆಬ್ಬೆರಳಿಗೆ ಮುಂದಿನ ಕಾಲಿನ ಹಿಮ್ಮಡಿ ತಾಗಲೇಬೇಕು. ನಡುವೆ ಒಂದು ಹುಲ್ಲುಕಡ್ಡಿ ತೂರುವಷ್ಟೂ ಜಾಗ ಬಿಡುತ್ತಿರಲಿಲ್ಲ. ಬಾಗಿಲಿನ ಮೇಲ್ಪಟ್ಟಿ ತಲೆಗೆ ಬಡಿಯುವಷ್ಟು ಎತ್ತರದ ಆಳು ಹಾಗೆ ಪಾದಕ್ಕೆ ಪಾದ ಜೋಡಿಸಿಕೊಂಡು ಬರುವುದನ್ನು ಕಂಡರೆ ಹೊಸಬರು ನಗುತ್ತಿದ್ದರು, ಹಳಬರು ಸುಮ್ಮನೆ ದಾರಿ ಬಿಡುತ್ತಿದ್ದರು. ಊರಿಗೆಲ್ಲ ಅವನು ಮಿಲ್ಟ್ರಿ ಆಚಾರಿ. ಅವನನ್ನು ಊಟಕ್ಕೆ ಕರೆಯುವುದು ನನ್ನ ಕೆಲಸ. ಕರೆದ ಕೂಡಲೇ ಬಡಿಸಿದರೆ ಅವನು ಬಂದು ಕೂರುವಷ್ಟರಲ್ಲಿ ಮುದ್ದೆ ಆರಿಹೋಗುತ್ತಿತ್ತು. ಅದಕ್ಕೇ ಅವ್ವ ಒಂದು ಉಪಾಯ ಮಾಡಿದ್ದಳು. ನಡುಮನೆಯ ಎರಡನೆಯ ಕಂಬದ ಹತ್ತಿರ ನಾನು ನಿಂತಿರಬೇಕು, ಅಪ್ಪ ಅಲ್ಲಿಗೆ ಮುಟ್ಟಿದೊಡನೆ "ಕಂಬ!" ಎಂದು ಕೂಗಬೇಕು. ಆಗ ಅವಳು ಮುದ್ದೆ ಕಟ್ಟಲು ಶುರು ಮಾಡಿದರೆ, ಅವನು ಎಲೆಯ ಮುಂದೆ ಕೂರುವುದಕ್ಕೂ ಮುದ್ದೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಬೇರೆ ಮನೆಗಳಲ್ಲೂ ಒಬ್ಬ ಮಗಳು ಹೀಗೆ ಕಂಬದ ಹತ್ತಿರ ನಿಂತಿರುತ್ತಾಳೆ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಅಪ್ಪ ಸೈನ್ಯಕ್ಕೆ ಹೋದದ್ದು ಬಂದೂಕಿನ ಆಸೆಗಲ್ಲ. ಆಳು ತೆಗೆದುಕೊಳ್ಳುವ ದಿನ ಮೇಜಿನ ಹಿಂದೆ ಕೂತವರು ಏನು ಕೆಲಸ ಬರುತ್ತದೆ ಎಂದು ಕೇಳಿದರಂತೆ. ಗಾಡಿ ಚಕ್ರ ಮಾಡ್ತೀನಿ, ನೇಗಿಲು ಮಾಡ್ತೀನಿ ಅಂದನಂತೆ. ಹಾಗಾದರೆ ಇಂಜಿನಿಯರ್ ಪಡೆಗೆ ನಡಿ ಎಂದರಂತೆ. ಆ ಕಾಗದ ಊರಿಗೆ ಬಂದಾಗ ತಾತ, ಮಗ ಕೆ.ಆರ್.ಎಸ್. ಕಟ್ಟೆಯ ಇಂಜಿನಿಯರುಗಳ ಹಾಗೆ ಟೋಪಿ ಹಾಕಿಕೊಂಡು ಜೀಪಿನಲ್ಲಿ ಬರುತ್ತಾನೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದನಂತೆ. ಮೊದಲ ರಜಕ್ಕೆ ಬಂದವನ ಅಂಗೈ ನೋಡಿ ತಾತ ಬೆಪ್ಪಾದ.

"ಇದೇನ್ಲಾ, ಇಂಜಿನಿಯರ್ ಕೈ ಇಂಗಿರ್ತದಾ? ಮನೇಲಿದ್ದಾಗ್ಲೇ ಮೆತ್ತಗಿತ್ತಲ್ಲೋ!"

"ಗುಂಡು ಒಡೆಯೋರು ಬ್ಯಾರೆ ಕಣಪ್ಪ. ಅವ್ರು ಓಗಾಕೆ ದಾರಿ ಮಾಡೋರು ನಾವು. ಒಳೆ ಸಿಕ್ರೆ ಸೇತ್ವೆ ಕಟ್ಬೇಕು. ಗುಡ್ಡ ಸಿಕ್ರೆ ರೋಡ್ ಕಡೀಬೇಕು. ನೆಲದಾಗೆ ಬಾಂಬು ಊತಿದ್ರೆ ಮಂಡಿಯೂರ್ಕಂಡು ತೆಗೀಬೇಕು. ವಾಪಸ್ ಬರೋವಾಗ ಎಲ್ರೂ ದಾಟಿದ್ಮೇಲೆ, ಕಟ್ಟಿದ್ ಸೇತ್ವೆನಾ ನಾವೇ ಮದ್ದಿಕ್ಕಿ ಆರಿಸ್ಬೇಕು."

"ನೀವೇ ಕಟ್ಟಿದ್ನಾ? ನಾನ್ ಮಾಡಿದ್ ಗಾಡೀಗೆ ನಾನೇ ಬೆಂಕಿ ಇಕ್ಕದಾ? ಅದ್ಯಾವ ಕಸುಬ್ಲಾ ನಿಂದು!"

ಇದು ನಾನು ಹುಟ್ಟುವ ಮುಂಚಿನ ಮಾತು. ತಾತ ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ನಾನೂ ಅಲ್ಲೇ ಮಣೆ ಹಾಕಿಕೊಂಡು ಕೂತಿದ್ದೆನೇನೋ ಅನ್ನಿಸುತ್ತದೆ. ನಾನು ಕಂಡ ಅಪ್ಪ ಸೈನ್ಯ ಬಿಟ್ಟು ಬಂದ ಮೇಲಿನವನು. ಕಸುಬು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಹೇಮಾವತಿಗೆ ಸ್ನಾನಕ್ಕೆ ಹೋದರೆ ಬಿದಿರುಕೋಲು ಹಿಡಿದು ಅವನು ಮೊದಲು ನೀರಿಗಿಳಿದು, ಕಾಲಿಡುವ ಜಾಗವನ್ನೆಲ್ಲ ಚುಚ್ಚಿ ನೋಡಿ, ಆಮೇಲೆ ನಮ್ಮನ್ನು ಕರೆಯುತ್ತಿದ್ದ. ಮೇಲೆ ಬರುವಾಗ ಅವನೇ ಕಡೆಯವನು. ಮದುವೆಮನೆಗೆ ಹೋದರೂ ಅಷ್ಟೆ. ಅವ್ವ ಕಡುಬು ಬೆಂದಿದೆಯೋ ಇಲ್ಲವೋ ಎಂದು ಕಡ್ಡಿ ಚುಚ್ಚಿದರೆ, "ನೆಟ್ಟಗೆ ಚುಚ್ಬೇಡ್ವೇ, ಓರೆಯಾಗಿ ಚುಚ್ಚು" ಅನ್ನುತ್ತಿದ್ದ. ನೆಲಬಾಂಬಿಗೆ ತಲೆಯ ಮೇಲೆ ಒತ್ತಿದರೆ ಕೋಪ, ಪಕ್ಕೆ ಮುಟ್ಟಿದರೆ ಇಲ್ಲ. ಅದಕ್ಕೇ ತೆಳ್ಳಗಿನ ಕಬ್ಬಿಣದ ಕಡ್ಡಿಯನ್ನು ಓರೆಯಾಗಿ ಇಳಿಸಿ ಹುಡುಕುವುದು. "ಕಡುಬು ಒಡೆದ್ರೆ ಯಾರೂ ಸಾಯಾಕಿಲ್ಲ, ಅತ್ತಾಗಿ ಓಗಿ" ಎಂದು ಅವ್ವ ಗದರುತ್ತಿದ್ದಳು. ಈಗಲೂ ನಾನು ಇಡ್ಲಿಗೆ ಕಡ್ಡಿಯನ್ನು ಓರೆಯಾಗಿಯೇ ಚುಚ್ಚುತ್ತೇನೆ. ಯಾವ ಮನೆಯಿಂದ ಹೊರಟರೂ ಎಲ್ಲರನ್ನೂ ಮುಂದೆ ಕಳಿಸಿ ಬಾಗಿಲೆಳೆಯುವವಳು ನಾನೇ.

ವರ್ಷಕ್ಕೊಮ್ಮೆ, ಕಬ್ಬು ಅರೆದು ಆಲೆಮನೆ ತಣ್ಣಗಾದ ಮೇಲೆ, ಕ್ಯಾತನಹಳ್ಳಿಯಿಂದ ಒಬ್ಬ ಅಜ್ಜಿ ಬರುತ್ತಿದ್ದಳು. ಕುಂಕುಮ ಬಣ್ಣದ ಸೀರೆ, ಕಂಕುಳಲ್ಲಿ ಅಚ್ಚುಬೆಲ್ಲದ ಗಂಟು. ಅಪ್ಪನ ಜೊತೆ ಸೈನ್ಯದಲ್ಲಿದ್ದ ನಂಜುಂಡನ ತಾಯಿ. ಅವಳಿಗೆ ಅವನೊಬ್ಬನೇ ಮಗ. ನಂಜುಂಡ ಸತ್ತಾಗ ಅವನ ಕಬ್ಬಿಣದ ಪೆಟ್ಟಿಗೆಯನ್ನು ಕ್ಯಾತನಹಳ್ಳಿಗೆ ತಂದು ಒಪ್ಪಿಸಿದವನು ಅಪ್ಪ. ಆ ದಿನದಿಂದ ಅವಳು ಅವನನ್ನು ಮಗ ಎಂದೇ ಕರೆಯುತ್ತಿದ್ದಳು. ಒಕ್ಕಲಿಗರ ಮನೆಯ ಅಜ್ಜಿ ನಮ್ಮ ಮನೆಯ ಆಚಾರ ಬಲ್ಲವಳು. ಬೇಯಿಸಿದ್ದೇನನ್ನೂ ತರದೆ ಬೆಲ್ಲವನ್ನಷ್ಟೇ ತರುತ್ತಿದ್ದಳು. ಬಂದವಳು ನಡುಮನೆಯ ಕಂಬಕ್ಕೆ ಒರಗಿ ಕೂತಳೆಂದರೆ ಸಂಜೆಯ ಬಸ್ಸಿನವರೆಗೆ ಏಳುತ್ತಿರಲಿಲ್ಲ.

"ಮಗಾ, ಒಂದ್ ಲೋಟ ನೀರ್ ತಕಬಾ. ಮಗಾ, ಸುಣ್ಣದ್ ಡಬ್ಬಿ ಅಲ್ಲೇ ಜಗಲೀಲಿ ಬುಟ್ಟೆ ನೋಡು. ಮಗಾ, ಆ ಬಾಗ್ಲು ಒಸಿ ಮುಂದ್ಕೆ ಮಾಡು."

ಅಪ್ಪ ನಲವತ್ತಮೂರು ಪಾದ ಅತ್ತ, ನಲವತ್ತಮೂರು ಪಾದ ಇತ್ತ. ನಾನು ಓಡಿಹೋಗಿ ತಂದುಕೊಡುತ್ತೇನೆಂದರೆ ಅವಳು ಬಿಡುತ್ತಿರಲಿಲ್ಲ. ಅವ್ವ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು: "ಕಾಲಿನ ಬಾಧೆ ಇರೋರ್ನ ಕುಂತಲ್ಲಿಂದ ಅತ್ತು ಸಲ ಓಡಾಡಿಸ್ತದಲ್ಲ ಈ ಮುದ್ಕಿ!" ಹೊರಡುವ ಮುಂಚೆ ಅಜ್ಜಿ ತಪ್ಪದೆ ಒಂದು ಮಾತು ಕೇಳುತ್ತಿದ್ದಳು.

"ನಂಜುಂಡ ನರಳಲಿಲ್ಲ ಅಲ್ವಾ ಮಗಾ?"

"ಇಲ್ಲ ಕಣವ್ವ. ಗುಂಡು ಬಂದು ಎದೆಗೆ ಬಿತ್ತು. ಅಷ್ಟೇಯ."

ನನಗೆ ಎಂಟು ವರ್ಷವಾಗಿದ್ದಾಗಿನ ಒಂದು ಭೇಟಿ. ಊಟವಾಗಿ ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಗಿಸುವ ಚಪಲ ನನಗೆ ಆಗಲೂ ಇತ್ತು. ತಲೆಗೆ ಅಪ್ಪನ ಟವೆಲು ಸುತ್ತಿ, ಕುತ್ತಿಗೆ ಬಗ್ಗಿಸಿ, ಪಾದಕ್ಕೆ ಪಾದ ಜೋಡಿಸುತ್ತಾ ನಡುಮನೆಯಲ್ಲಿ ನಡೆದು ತೋರಿಸಿದೆ. "ಲೇ, ತಕ್ಕೋ! ಮಿಲ್ಟ್ರಿ ಆಚಾರಿ ಮರಿ!" ಎಂದು ತಾತ ತೊಡೆ ತಟ್ಟಿಕೊಂಡು ನಕ್ಕ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕ್ಯಾತನಹಳ್ಳಿ ಅಜ್ಜಿಯ ಕಣ್ಣಲ್ಲಿ ನೀರು ಬಂದಿತ್ತು; ಅಷ್ಟು ನಗಿಸಿದೆನಲ್ಲ ಎಂದು ನನಗೆ ಹೆಮ್ಮೆ. ಅಪ್ಪ ಮಾತ್ರ ಎದ್ದು ಹಿತ್ತಲಿನ ಕೆಲಸದ ಕೊಟ್ಟಿಗೆಗೆ ಹೋದ.

ಅಜ್ಜಿಯನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ಅಪ್ಪ ನನ್ನನ್ನು ಅಲ್ಲಿಗೆ ಕರೆದ. ಹೊಡೆಯುತ್ತಾನೆ ಅಂದುಕೊಂಡು ಬಾಗಿಲಲ್ಲೇ ನಿಂತೆ. ಅವನು ಸೀಮೆಸುಣ್ಣದಿಂದ ನೆಲದ ಮೇಲೆ ಎರಡು ಉದ್ದ ಗೆರೆ ಎಳೆದಿದ್ದ. ಗೆರೆಗಳ ನಡುವೆ ತಾತನ ಗಜಕೋಲು ಇಟ್ಟು, ಅಷ್ಟಷ್ಟು ದೂರಕ್ಕೆ ಒಂದೊಂದು ಪಾದ ಬರೆದಿದ್ದ. ದೊಡ್ಡ ದೊಡ್ಡ ಪಾದ, ದೂರ ದೂರ.

"ನನ್ನಂಗೆ ನಡೀತೀಯಲ್ಲ. ಇದು ಮೊದ್ಲು ನಾನು ನಡೀತಿದ್ದಿದ್ದು. ಈ ಎರಡು ಗೆರೆ ಅವೆಯಲ್ಲ, ಅವು ಬಿಳೀ ಪಟ್ಟಿ ಅನ್ಕೊ. ಪಟ್ಟಿ ಒಳಗೆ ಬಾಂಬಿಲ್ಲ, ನಡೀಬೋದು ಅಂತ ಲೆಕ್ಕ. ದಾರಿ ಮಾಡಿದೋನೇ ಅದ್ರ ಮೇಲೆ ಮೊದ್ಲು ನಡ್ದು ತೋರಿಸ್ಬೇಕು, ಅದು ನಮ್ ಕಡೆ ಪದ್ಧತಿ. ಈಗ ನೀನು ನಾನಿಟ್ಟಲ್ಲೇ ಕಾಲಿಟ್ಕಂಡು ಬಾ."

ಮೊದಲ ಪಾದದ ಮೇಲೆ ನಿಂತೆ. ಎರಡನೆಯದಕ್ಕೆ ಕಾಲು ಎಷ್ಟು ಚಾಚಿದರೂ ಎಟುಕಲಿಲ್ಲ. ಹಾರಿದೆ, ನನ್ನ ಕಾಲು ನಡುವಿನ ಖಾಲಿ ನೆಲಕ್ಕೆ ಬಿತ್ತು. ಅಪ್ಪ ಗಪ್ಪನೆ ನನ್ನ ಕಣಕಾಲು ಹಿಡಿದುಕೊಂಡ.

"ಅಲ್ಲೇ ಇದ್ದಿದ್ದು" ಅಂದ.

ಯುದ್ಧ ಮುಗಿದಿತ್ತಂತೆ. ತಾವೇ ಹೂತಿದ್ದ ಬಾಂಬುಗಳನ್ನು ತಾವೇ ತೆಗೆದು, ಉಳುವುದಕ್ಕೆ ಹೊಲವನ್ನು ರೈತರಿಗೆ ಬಿಟ್ಟುಕೊಡಬೇಕಾಗಿತ್ತು. ಒಂದೊಂದೂ ಬೂಟು ಪಾಲಿಶಿನ ಡಬ್ಬಿಗಿಂತ ಒಂದಿಷ್ಟೇ ದೊಡ್ಡದು. ಕಡ್ಡಿ ಚುಚ್ಚುವುದಕ್ಕೆ ಇಷ್ಟಿಷ್ಟು ದೂರಕ್ಕೆ ಒಂದು ಸಲ ಎಂದು ಅಳತೆಯ ಪಟ್ಟಿಯನ್ನೇ ಕೊಟ್ಟಿದ್ದರು. ಹೊತ್ತು ಇಳಿಯುತ್ತಿತ್ತು. ಅಪ್ಪ ಪಟ್ಟಿ ಬದಿಗಿಟ್ಟು, ಮರಗೆಲಸದವರ ಕೈಯಭ್ಯಾಸದಂತೆ ಬೆರಳಲ್ಲೇ ಅಳೆದುಕೊಂಡು ಮುಂದೆ ಹೋದ. ಅಪ್ಪನ ಬೆರಳುಗಳೋ, ಒಂದೊಂದೂ ಗಾಡಿಯ ಗೂಟದ ಹಾಗೆ. ಒಂದು ಡಬ್ಬಿ ಎರಡು ಚುಚ್ಚುಗಳ ನಡುವೆ ಉಳಿದುಕೊಂಡಿತು. ಪದ್ಧತಿಯಂತೆ ತಾನೇ ಮೊದಲು ನಡೆದ. ಅವನ ಉದ್ದ ಹೆಜ್ಜೆ ಅದನ್ನು ದಾಟಿತು. ಹಿಂದೆ ಬಂದವನು ನಂಜುಂಡ. ಅಳತೆಗೋಲಿನ ಕೆಳಗೆ ಹಿಮ್ಮಡಿ ಎತ್ತಿ ನಿಂತು ಸೈನ್ಯಕ್ಕೆ ಸೇರಿದವನಂತೆ, ಅಷ್ಟು ಗಿಡ್ಡ.

"ಅರ್ಧ ಗಂಟೆ ಉಸಿರಿತ್ತು. 'ನೀನ್ ಇಟ್ಟಲ್ಲೇ ಇಟ್ನಲ್ಲಣ್ಣೋ' ಅಂತಿದ್ದ. ಅದೇ ಮಾತು. ಇನ್ನೇನೂ ಆಡ್ನಿಲ್ಲ."

ವಿಚಾರಣೆಯಾಯಿತಂತೆ. ಮಣ್ಣು ಜರುಗಿ ಬಾಂಬು ಸರಿದಿರಬೇಕು, ಯಾರ ತಪ್ಪೂ ಇಲ್ಲ ಎಂದು ಬರೆದರಂತೆ. ಅಳತೆಪಟ್ಟಿಯ ವಿಷಯ ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಎಂಟು ವರ್ಷದ ಮಗಳಿಗೆ ಹೇಳುವ ಮಾತಲ್ಲ ಅದು. ಆದರೆ ಅದನ್ನು ತೋರಿಸುವುದಕ್ಕೆ ಆ ಮನೆಯಲ್ಲಿ ಅಷ್ಟು ಚಿಕ್ಕ ಹೆಜ್ಜೆ ಬೇರೆ ಯಾರದ್ದೂ ಇರಲಿಲ್ಲ. ನಾನು ಅಪ್ಪನ ನಡಿಗೆಯನ್ನು ಅಣಕಿಸುವುದನ್ನು ಬಿಟ್ಟೆ. ಕಂಬದ ಹತ್ತಿರ ನಿಂತು ಕೂಗುವುದನ್ನು ಮಾತ್ರ ಬಿಡಲಾಗಲಿಲ್ಲ, ಮುದ್ದೆ ಆರುತ್ತಿತ್ತು.

ಮುಂದಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಜಗಳ ಅಂದರೆ ಒಂದೇ ಜಗಳ. ಬೆಲ್ಲದ ಕಾಲ ಹತ್ತಿರವಾದಂತೆ ಅಪ್ಪ, ಈ ಸಲ ಅಜ್ಜಿಗೆ ಹೇಳಿಬಿಡುತ್ತೇನೆ, ಹೇಳದಿದ್ದರೆ ಈ ಕಾಲು ನನ್ನ ಮಾತು ಕೇಳುವುದಿಲ್ಲ ಅನ್ನುತ್ತಿದ್ದ. ಬೇಡ ಅನ್ನುತ್ತಿದ್ದವಳು ಅವ್ವ.

"ಏಳಿ ಏನ್ ಮಾಡ್ತೀರಿ? ಆ ಯಮ್ಮ ಮಗನ್ನ ಒಂದ್ಸಲ ಕಳ್ಕಂಡವ್ಳೆ. ಈಗ ನಿಮ್ಮುನ್ನೂ ಕಳ್ಕಳ್ಳಿ ಅಂತಲಾ?"

ತಾತನದು ಬೇರೆ ತಕ್ಕಡಿ. ಕೆಲಸ ಕಲಿಯಲು ಬಂದವರಿಗೆಲ್ಲ ಅವನು ಮೊದಲ ದಿನ ಹೇಳುತ್ತಿದ್ದ ಮಾತೊಂದಿತ್ತು: ಗೇಣು ಮನೆಗೆ, ಗಜ ಊರಿಗೆ. ನಿನ್ನ ಕೈಯಳತೆ ನಿನ್ನ ಮನೆಯ ಮಣೆಗೆ ಸಾಕು. ಇನ್ನೊಬ್ಬರು ಕೂರುವ ಗಾಡಿಗೆ ಗಜಕೋಲು ಹಿಡಿ.

"ಅಳತೆ ತಪ್ಪುದ್ರೆ ಗಿರಾಕಿ ಮನೆ ಬಾಗ್ಲಿಗೇ ಓಗಿ ಒಪ್ಕಬೇಕು ಕಣ್ಲಾ. ಅವ್ರು ಬಂದಾಗ ಏಳ್ತೀನಿ ಅಂತ ಕೂರಾದಲ್ಲ. ನೀನೇ ಓಗು."

ನಾನು ತಾತನ ಕಡೆ. ಹೇಳಿಬಿಟ್ಟರೆ ಅಪ್ಪ ಆ ಸೀಮೆಸುಣ್ಣದ ಪಾದಗಳ ಹಾಗೆ ನಡೆಯುತ್ತಾನೆ ಎಂದು ನನಗೆ ನಂಬಿಕೆ. ನನಗೆ ಹನ್ನೊಂದಾಗಿದ್ದ ವರ್ಷ ಅಪ್ಪ ಕೊನೆಗೂ ಹೊರಟ. ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡ. ಕೆ.ಆರ್. ಪೇಟೆಗೆ ಒಂದು ಬಸ್ಸು, ಪಾಂಡವಪುರಕ್ಕೆ ಇನ್ನೊಂದು, ಅಲ್ಲಿಂದ ಮತ್ತೊಂದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ತುಟಿ ಆಡುತ್ತಿತ್ತು, ಪಾಠ ಒಪ್ಪಿಸಲಿರುವ ಹುಡುಗರ ಹಾಗೆ. ಕ್ಯಾತನಹಳ್ಳಿಯಲ್ಲಿ ಇಳಿದು ಅಜ್ಜಿಯ ಮನೆಗೆ ಗದ್ದೆಬದುವಿನ ಮೇಲೆ ಹೋಗಬೇಕು. ಎರಡು ಕಡೆಯೂ ಕಬ್ಬು ಕಡಿದು ಹೊಸದಾಗಿ ಉತ್ತ ನೆಲ. ಮೆತ್ತನೆಯ ಮಣ್ಣು ಕಂಡರೆ ಅಪ್ಪನಿಗೆ ಬೆವರು. ಬದುವಿನ ನಡುಮಧ್ಯದಲ್ಲಿ ಪಾದಕ್ಕೆ ಪಾದ ಜೋಡಿಸುತ್ತಾ ನಡೆದ; ನಾನು ಹಿಂದೆ. ಅಜ್ಜಿ ಮನೆಮುಂದಿನ ಕಲ್ಲಿನ ಮೇಲೆ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ನಾವು ಅಂಗಳ ಮುಟ್ಟುವವರೆಗೂ ಅವಳು ಕೂಗಲಿಲ್ಲ, ಏಳಲಿಲ್ಲ. ಅಪ್ಪ ಅವಳೆದುರು ನೆಲಕ್ಕೆ ಕುಕ್ಕರಿಸಿದ.

"ಅವ್ವಾ, ಒಂದ್ ಮಾತು ಏಳ್ಬೇಕಿತ್ತು."

"ನಿಂದಿರ್ಲಿ ತಡಿ. ಮೊದ್ಲು ನಂದು ಕೇಳು. ಈಗ ನೀನು ಬದಿನ್ ಮ್ಯಾಲೆ ಬಂದ್ಯಲ್ಲ, ನನ್ನೆದೆ ಅಂಗೇ ನಿಂತೋಯ್ತು. ನಂಜುಂಡ ಇಂಗೇ ಬರ್ತಿದ್ದ ಕಣ್ ಮಗಾ. ಗಿಡ್ಡಕಾಲು ಅವಂದು. ಬದಿನ್ ಮ್ಯಾಲೆ ಪುಟ್ಟಪುಟ್ಟ ಎಜ್ಜೆ ಇಕ್ಕಂಡು ಬರಾನು, ಊರೋರೆಲ್ಲ ಆಡ್ಕಳರು. ನಂಗೆ ಕಣ್ಣು ಮಂಜಾಗೈತೆ, ನಿನ್ ಮಖ ಕಾಣಾಕಿಲ್ಲ. ನಡಿಗೆ ಕಾಣ್ತದೆ. ಬೆಲ್ಲ ಕೊಡಾಕೆ ನಿಮ್ಮನೇಗಂಟ ಬರ್ತಳೆ ಮುದ್ಕಿ ಅನ್ಕಂಡಿದ್ದೀಯಾ? ನೀರು ತಕಬಾ, ಸುಣ್ಣ ತಕಬಾ ಅಂತ ಯಾಕೆ ಓಡಾಡಿಸ್ತೀನಿ? ನನ್ ಮಗ ನಡೆಯಾದ್ನ ನೋಡಾಕೆ."

ಅಪ್ಪನ ಕೈ ಅಂಗಳದ ಸಗಣಿ ಸಾರಿಸಿದ ನೆಲವನ್ನು ಸವರುತ್ತಿತ್ತು, ಅಲ್ಲಿ ಏನೋ ಹುಡುಕುವ ಹಾಗೆ.

"ನಿಂಗ್ಯಾಕೆ ಇಂಗಾಯ್ತೋ ನಾನ್ ಕಾಣೆ. ಯಾರೇನಾರ ಆಡ್ಕಳ್ಳಿ, ಈ ನಡಿಗೆ ಬುಡ್ಬ್ಯಾಡ ಕಣ್ ಮಗಾ. ನಾನಿರೋಗಂಟ. ಬುಡಾಕಿಲ್ಲ ಅಂತ ನನ್ ಕೈ ಮುಟ್ಟು."

ಅಪ್ಪ ನನ್ನ ಕಡೆ ತಿರುಗಿ ನೋಡಿದ. ಆ ನೋಟ ಏನು ಕೇಳಿತು ಎಂದು ಈಗ ಗೊತ್ತು. ಆಗ ನಾನು ತಲೆ ತಗ್ಗಿಸಿಬಿಟ್ಟೆ. ಅವನು ಅಜ್ಜಿಯ ಕೈ ಮುಟ್ಟಿದ.

"ಈಗ ನಿಂದೇನು ಏಳು."

"ಏನಿಲ್ಲ ಬುಡವ್ವ. ನಿನ್ ನೋಡ್ಕಂಡು ಓಗವಾ ಅಂತ ಬಂದೆ."

ಅಂದು ಅಪ್ಪ ಮನೆಯ ಆಚಾರ ಮುರಿದು ಅವಳು ಬೇಯಿಸಿದ ಮುದ್ದೆ ಉಂಡ. ಊರಿಗೆ ವಾಪಸು ಬಂದಾಗ ತಾತ, ಮಗ ತಲೆಬಾಗಿಲು ದಾಟಿ ಒಳಗೆ ಬರುವುದನ್ನು ನೋಡಿದ; ಅಷ್ಟರಲ್ಲೇ ತಿಳಿಯಿತು. ಎದ್ದು ಹೋಗಿ ಉಜ್ಜುಗೊರಡು ಹಿಡಿದುಕೊಂಡ. ಆಮೇಲೆ ಜಗಳವೂ ನಿಂತಿತು. ಜಗಳವಿದ್ದಾಗ ಮನೆಯಲ್ಲಿ ಒಂದು ಆಸೆ ಇತ್ತು ಎಂದು ನನಗೆ ಹೊಳೆದದ್ದು ಅದು ನಿಂತ ಮೇಲೆ. ಅಜ್ಜಿ ಬರುತ್ತಿದ್ದಳು, ಕಂಬಕ್ಕೆ ಒರಗುತ್ತಿದ್ದಳು, ನೀರು ಕೇಳುತ್ತಿದ್ದಳು. ಅವ್ವ ಪಾತ್ರೆ ಕುಕ್ಕುವುದನ್ನು ಬಿಟ್ಟಿದ್ದಳು. ನಂಜುಂಡ ನರಳಲಿಲ್ಲ ಅಲ್ವಾ ಎಂಬ ಪ್ರಶ್ನೆಗೆ ಅಪ್ಪನ ಉತ್ತರವೂ ಬದಲಾಗಲಿಲ್ಲ. ನಡುಮನೆಯ ಗಾರೆಯ ಮೇಲೆ ಅವನ ಪಾದಗಳ ಸಾಲು ಸವೆದು, ದಪ್ಪ ಗೆರೆಯಂತೆ ಹೊಳೆಯುತ್ತಿತ್ತು. ನೆಂಟರು ಆ ಗೆರೆ ತುಳಿಯದೆ ಪಕ್ಕದಲ್ಲಿ ಓಡಾಡುತ್ತಿದ್ದರು.

ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ನಾನು ಹೈಸ್ಕೂಲು ಮುಗಿಸುತ್ತಿದ್ದೆ. ಅಪ್ಪನೂ ನಾನೂ ಹೋದೆವು. ಅವಳ ಹೊಲದಲ್ಲೇ ಗುಂಡಿ ತೋಡಿದ್ದರು. ಜನ ದಡದಡ ನಡೆದುಹೋಗಿ ಮಣ್ಣು ಹಾಕಿ ಬರುತ್ತಿದ್ದರು. ಅಪ್ಪ ಬದುವಿನ ಮೇಲೆ ನಿಂತವನು ಕೆಳಗಿಳಿಯಲಿಲ್ಲ. ಗುಂಡಿಯವರೆಗೂ ಅಗೆದ ಹಸಿಮಣ್ಣು.

"ಮಗ ಮಗ ಅಂತಿದ್ಲಲ್ಲೋ ಯಜಮಾನ, ಒಂದ್ ಇಡಿ ಮಣ್ ಆಕು ಬಾ" ಎಂದು ಅಲ್ಲಿಯ ಹಿರಿಯರೊಬ್ಬರು ಕೂಗಿದರು. ಅವನು ಒಂದು ಕಾಲು ಎತ್ತಿದ, ಮಣ್ಣಿನ ಮೇಲೆ ಹಿಡಿದ, ವಾಪಸು ತೆಗೆದುಕೊಂಡ. ಕೊನೆಗೆ ಬದುವಿನ ಮಣ್ಣನ್ನೇ ನನ್ನ ಕೈಗೆ ಹಾಕಿದ. ನಾನು ಹೋಗಿ ಹಾಕಿ ಬಂದೆ. ಹೇಮಾವತಿಯಲ್ಲಿ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದವನು, ಎಲ್ಲರೂ ಹೋದ ಮೇಲೂ ಅಲ್ಲೇ ನಿಂತಿದ್ದ.

ಬಸ್ಸಿನ ರಸ್ತೆಯ ಕಡೆ ಹೊರಟೆವು. ಗಟ್ಟಿ ನೆಲ ಬಂದ ಮೇಲೆ ನಾನು ಬಾಯಿಬಿಟ್ಟೆ.

"ಅಪ್ಪಾ, ಭಾಷೆ ತೀರ್ತಲ್ಲ. ಇನ್ಮೇಲಾದ್ರೂ ಉದ್ದಕ್ಕೆ ಇಡು."

ಅಪ್ಪ ನಿಂತ. ಪಂಚೆ ಎತ್ತಿ ಕಟ್ಟಿಕೊಂಡು, ಬಲಗಾಲನ್ನು ನಿಜವಾಗಿಯೂ ಮುಂದಕ್ಕೆ ಚಾಚಿದ. ಆ ಕಾಲು ನೆಲಕ್ಕೆ ತಾಗುವುದನ್ನು ನಾನು ಕಾದೆ. ಅದು ಗಾಳಿಯಲ್ಲೇ ಉಳಿಯಿತು, ಅವನು ವಾಲಿದ, ನನ್ನ ಭುಜ ಹಿಡಿದುಕೊಂಡ. ಕಾಲು ನಿಧಾನವಾಗಿ ಹಿಂದಕ್ಕೆ ಬಂದು ಎಡಗಾಲಿನ ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ ನಿಂತಿತು.

"ನಿಜ ಏಳಾಕೂ ಯಾರೂ ಇಲ್ಲ ಕಣವ್ವಾ ಈಗ" ಅಂದ.

ಮುಂದೆ ರಸ್ತೆಯಲ್ಲಿ ಪಾಂಡವಪುರದ ಬಸ್ಸು ನಿಂತಿತ್ತು. ಕಂಡಕ್ಟರು ನಮ್ಮನ್ನು ನೋಡಿ, ಮೆಟ್ಟಿಲ ಮೇಲಿಂದ ಕೈಬೀಸಿದ.

"ಬಿರ್ರನೆ ಬನ್ನಿ ಯಜಮಾನ್ರೇ! ಅತ್ತು ಎಜ್ಜೆ ದೊಡ್ಡದಾಗಿ ಆಕಿ, ಸಾಕು!"

ನಾನು ಓಡಿದ್ದರೆ ಬಸ್ಸು ಹಿಡಿದು ನಿಲ್ಲಿಸಬಹುದಾಗಿತ್ತು. ಅಪ್ಪ ಹೆಜ್ಜೆ ಇಟ್ಟ. ನಾನು ಅವನ ಹಿಂದೆ, ಅವನು ಕಾಲು ತೆಗೆದಲ್ಲೇ ಕಾಲಿಟ್ಟೆ. ಈಗ ನನ್ನ ಕಾಲು ಸಲೀಸಾಗಿ ಎಟುಕುತ್ತಿತ್ತು. ಕಂಡಕ್ಟರು ಒಳ್ಳೆಯವನು, ಬಹಳ ಹೊತ್ತು ಕಾದ. ಆಮೇಲೆ ಸೀಟಿ ಊದಿದ.